ಪ್ಲೆಕೊ ನಿಘಂಟು: ಸಿಂಗಾಪುರದಲ್ಲಿ ಚೀನೀ ಕಲಿಯುತ್ತಾ ವರ್ಷಗಟ್ಟಲೆ ಬಳಸಿದ ಮೇಲೆ

ಚೀನೀ ಕಲಿಯಲು ಯಾವ ಆ್ಯಪ್ ಒಳ್ಳೆಯದು ಎಂದು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಪ್ಲೆಕೊ ಹೆಸರನ್ನೇ. ಇದು ಪಾಠ ಮಾಡುವ ಆ್ಯಪ್ ಅಲ್ಲ, ನಿಘಂಟು. ಜಾಹೀರಾತು ಇಲ್ಲ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕೇಳಿದ ಪದ ತೋರಿಸಿ ಸುಮ್ಮನಾಗುತ್ತದೆ, ಫೋನ್ ಜೇಬಿಗೆ ಹಾಕಿ ನಾವು ಮಾತು ಮುಂದುವರಿಸಬಹುದು. ನನಗೆ ಇದೇ ಇದರ ದೊಡ್ಡ ಗುಣ. ಈ ಭಾಷೆ ಕಲಿಯುವ ಹುಮ್ಮಸ್ಸು ಉಳಿಯಬೇಕಾದರೆ ಎದುರಿಗೆ ಜನ ಬೇಕು.

ಸಿಂಗಾಪುರದಲ್ಲಿ ಇಂಗ್ಲಿಷ್ ಬಂದರೆ ಸಾಕು, ಬದುಕು ನಡೆಯುತ್ತದೆ. ಮ್ಯಾಂಡರಿನ್, ಅಂದರೆ ನಾನು ಕಲಿಯುತ್ತಿರುವ ಪ್ರಮಾಣಿತ ಚೀನೀ, ಕಲಿಯಲೇಬೇಕು ಅಂತ ಯಾರೂ ಒತ್ತಾಯಿಸುವುದಿಲ್ಲ. ಹಾಗಾಗಿ ಬಿಟ್ಟುಬಿಡುವುದೂ ಸುಲಭ. ಚೀನೀ ಭಾಷಾ ಜ್ಞಾನ ಅಳೆಯುವ, ಆರು ಹಂತಗಳ ಹಳೆಯ ಎಚ್‌ಎಸ್‌ಕೆ ಪರೀಕ್ಷೆಯಲ್ಲಿ 3ನೇ ಹಂತಕ್ಕೆ 600 ಪದ, 4ನೇ ಹಂತಕ್ಕೆ 1200. ನನಗೆ ತೀರಾ ಬೇಸರ ಬಂದದ್ದು ಈ ಎರಡರ ನಡುವೆ. ಪದಗಳೇನೋ ಹೆಚ್ಚುತ್ತಿದ್ದವು, ಆದರೆ ಅವನ್ನು ಯಾರ ಹತ್ತಿರ ಆಡುವುದು?

ಉತ್ತರ ಸಿಕ್ಕಿದ್ದು ಮನೆ ಹತ್ತಿರದ, ಹಲವು ಊಟದ ಅಂಗಡಿಗಳು ಒಟ್ಟಿಗಿರುವ ಹಾಕರ್ ಸೆಂಟರ್‌ನ ಸಸ್ಯಾಹಾರಿ ಅಂಗಡಿಯಲ್ಲಿ. ಚೀನೀ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ, ಇಲ್ಲಿನ ಎಷ್ಟೋ ಬೌದ್ಧರು ಮಾಂಸ ಮುಟ್ಟುವುದಿಲ್ಲ. ಆ ದಿನ ಅಂಗಡಿ ಮುಂದೆ ಸಾಲು ಜಾಸ್ತಿ, ಮಾತೂ ಜಾಸ್ತಿ. "ನೀನೂ ಇವತ್ತು ಮಾತ್ರವಾ?" ಎಂದು ಹಿಂದೆ ನಿಂತಿದ್ದ ಆಂಟಿ ಕೇಳಿದರು. ಹುಟ್ಟಿದಾಗಿನಿಂದಲೂ ಹೀಗೇ ಎಂದೆ. ಏಕಾದಶಿ ಉಪವಾಸದ ಬಗ್ಗೆ ಹೇಳಲು ಹೋಗಿ ಪದ ಸಿಗದೆ ಪ್ಲೆಕೊ ತೆರೆದೆ. ನಮ್ಮ ಹಬ್ಬಗಳೂ ಚಂದ್ರನ ಲೆಕ್ಕದವು ಎಂದು ಗೊತ್ತಾದ ಮೇಲಂತೂ ಅವರು ಪ್ರಶ್ನೆ ಕೇಳುವುದನ್ನು ನಿಲ್ಲಿಸಲೇ ಇಲ್ಲ. ಯುಗಾದಿ ಯಾವಾಗ? ಹಿರಿಯರಿಗೆ ನೀವು ಏನು ಇಡುತ್ತೀರಿ? ಪಿತೃಪಕ್ಷದ ಬಗ್ಗೆ ಹೇಳಿದರೆ ಅವರು ಛಿಂಗ್‌ಮಿಂಗ್ ಹಬ್ಬದಲ್ಲಿ ಸಮಾಧಿ ಗುಡಿಸಿ ಪೂಜೆ ಮಾಡುವ ಕ್ರಮ ಹೇಳುತ್ತಿದ್ದರು.

ಆಮೇಲೆ ತಿಳಿದ ಇನ್ನೊಂದು ವಿಷಯ ನನಗೆ ತುಂಬಾ ಧೈರ್ಯ ಕೊಟ್ಟಿತು. ಆ ಆಂಟಿಯ ವಯಸ್ಸಿನ ಎಷ್ಟೋ ಚೀನೀಯರ ಮನೆಮಾತು ಮ್ಯಾಂಡರಿನ್ ಅಲ್ಲ. ಹೊಕ್ಕಿಯೆನ್, ತಿಯೊಚ್ಯೂ ಅಥವಾ ಕ್ಯಾಂಟೊನೀಸ್ ಎಂಬ ಬೇರೆ ಚೀನೀ ಭಾಷೆಗಳು. 1979ರಲ್ಲಿ ಸರ್ಕಾರ 'ಮ್ಯಾಂಡರಿನ್ ಮಾತಾಡಿ' ಆಂದೋಲನ ಶುರು ಮಾಡಿ, ಇಲ್ಲಿನ ಚೀನೀಯರೆಲ್ಲ ಅದನ್ನೇ ಆಡಬೇಕು ಎಂದು ಹೇಳಿತು. ನಮ್ಮ ಆಂಟಿಯೂ ಹಾಗೆ ದೊಡ್ಡವರಾದ ಮೇಲೆ ಕಲಿತವರು. ಕಲಿಯುವವರ ಕಷ್ಟ ಗೊತ್ತಿರುವುದರಿಂದಲೇ ಅಷ್ಟು ತಾಳ್ಮೆಯಿಂದ ತಿದ್ದುತ್ತಾರೆ.

ಅಂದಿನಿಂದ ಪ್ಲೆಕೊ ಬಳಸುವ ಕ್ರಮವನ್ನೇ ಬದಲಿಸಿದೆ. ಅದರ ಫ್ಲ್ಯಾಷ್‌ಕಾರ್ಡ್‌ಗಳನ್ನು (ಪದ ನೆನಪಿಡಲು ತಿರುವಿ ನೋಡುವ ಚೀಟಿಗಳು) ಗುಂಪುಗಳಾಗಿ ಇಡಬಹುದು. ಪರೀಕ್ಷೆಯ ಪಟ್ಟಿ ಅಳಿಸಿ, ಜನರಿಂದ ಕೇಳಿದ ಪದ, ಜನರಿಗೆ ಹೇಳಬೇಕಾದ ಪದ ಮಾತ್ರ ಹಾಕಿಕೊಂಡೆ. 8ನೇ ತಿಂಗಳ ಹುಣ್ಣಿಮೆಯ ಮೂನ್‌ಕೇಕ್ ಹಬ್ಬಕ್ಕೆ ಒಂದು ಗುಂಪು, ಹೊಸ ವರ್ಷದ ಶುಭಾಶಯಗಳಿಗೆ ಒಂದು, ತರಕಾರಿ ಮಾರುಕಟ್ಟೆಗೆ ಒಂದು. ಹಬ್ಬ ಹತ್ತಿರ ಬಂದಾಗ ಆ ಗುಂಪು ತೆಗೆದು ತಿರುವಿಹಾಕುತ್ತೇನೆ. ಓದು ಅಂತ ಯಾರೂ ಹೇಳಬೇಕಾಗಿಲ್ಲ, ಆಂಟಿ ಮುಂದೆ ನಿಂತು ಮಾತಾಡಬೇಕಲ್ವಾ!

ಕನ್ನಡಿಗರಿಗೆ ಒಂದು ಕಿವಿಮಾತು. ಪ್ಲೆಕೊದಲ್ಲಿ ಪದದ ಪಕ್ಕ ಅದರ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೋರಿಸುವ ಪಿನ್‌ಯಿನ್ ಇರುತ್ತದೆ. ಅದನ್ನು ಇಂಗ್ಲಿಷಿನಂತೆ ಓದಬೇಡಿ. ಅಲ್ಲಿನ ಬಿ (b) ನಮ್ಮ ಪಕಾರಕ್ಕೆ ಹತ್ತಿರ, ಪಿ (p) ಅದರ ಮಹಾಪ್ರಾಣಕ್ಕೆ. ಜಿ (g) ಅಂದರೆ ಕ, ಕೆ (k) ಅಂದರೆ ಖ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಶಾಲೆಯಲ್ಲೇ ಕಲಿತ ನಮಗೆ ಇದು ಸುಲಭ. ಪದದ ಅರ್ಥವನ್ನೇ ಬದಲಿಸುವ ನಾಲ್ಕು ಟೋನ್ (ದನಿಯ ಏರಿಳಿತ) ಗಳಿಗೆ ಮಾತ್ರ ಒಳದಾರಿ ಇಲ್ಲ, ಕೇಳಿ ಕೇಳಿಯೇ ಕಿವಿಗೆ ಹತ್ತಬೇಕು.

ಕೊರತೆಗಳೂ ಇವೆ. ಅರ್ಥಗಳು ಇಂಗ್ಲಿಷಿನಲ್ಲಿವೆ, ಕನ್ನಡ ಇಲ್ಲ. ಫ್ಲ್ಯಾಷ್‌ಕಾರ್ಡ್ ಸೆಟ್ಟಿಂಗ್‌ಗಳು ಹೊಸಬರಿಗೆ ತಲೆ ತಿನ್ನುವಷ್ಟು ಜಾಸ್ತಿ. ಕಾಫಿ ಅಂಗಡಿಯ ಭಾಷೆಗಂತೂ ಇದನ್ನು ನೆಚ್ಚಬೇಡಿ. 'ಕೋಪಿ ಓ ಕೊಸೊಂಗ್', ಅಂದರೆ ಹಾಲು ಸಕ್ಕರೆ ಇಲ್ಲದ ಕಾಫಿ, ಹೊಕ್ಕಿಯೆನ್ ಮತ್ತು ಮಲಯ್ ಬೆರೆತ ಮಾತು. ಅದನ್ನು ಅಂಗಡಿಯವರ ಬಾಯಲ್ಲೇ ಕೇಳಿ ಕಲಿಯಬೇಕು.

ನಿಘಂಟು ಉಚಿತ. ಹೆಚ್ಚಿನ ಸೌಲಭ್ಯಗಳಿಗೆ ದುಡ್ಡು ಕೊಡಬೇಕು. ನನ್ನನ್ನು ಕೇಳಿದರೆ ಮೊದಲು ಫ್ಲ್ಯಾಷ್‌ಕಾರ್ಡ್ ಕೊಳ್ಳಿ. ಕ್ಯಾಮೆರಾ ಹಿಡಿದರೆ ಅಕ್ಷರ ಗುರುತಿಸುವ ಸೌಲಭ್ಯವೂ ಚೆನ್ನಾಗಿದೆ, ಆದರೆ ಅವಸರ ಬೇಡ. ಇಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಚೀನೀ ಭಾಷೆಯ ಮಕ್ಕಳ ಚಿತ್ರಪುಸ್ತಕಗಳು ಸಿಗುತ್ತವೆ. ಅಂಥ ಒಂದನ್ನು ತಂದು, ಗೊತ್ತಿಲ್ಲದ ಅಕ್ಷರವನ್ನು ಬೆರಳಿನಿಂದ ಪರದೆ ಮೇಲೆ ಬರೆದು ಹುಡುಕುವ ಅಭ್ಯಾಸ ಆಗಲಿ. ಕ್ಯಾಮೆರಾ ಅದಾದ ಮೇಲೆ.