ಕೋಳಿಗೂಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್: ದುಡ್ಡು ಹಾಕುವುದಾದರೆ ಇದಕ್ಕೇ ಹಾಕಿ

ಹಿತ್ತಲಲ್ಲಿ ಕೋಳಿಗೂಡು ಕಟ್ಟೋಕೆ ಹೊರಟಿದ್ದೀರಾ? ಮರ ಅಗ್ಗದ್ದಿರಲಿ, ತಗಡು ಹಳೇದಿರಲಿ, ಪರವಾಗಿಲ್ಲ. ಜಾಲರಿ ಮಾತ್ರ ಒಳ್ಳೇದು ತಗೊಳ್ಳಿ. ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್ (ಸತು ಲೇಪದ ಕಬ್ಬಿಣದ ತಂತಿಗಳನ್ನು ಬೆಸೆದು ಮಾಡಿದ ಜಾಲರಿ) ತಂದು ನಾನೇ ಗೂಡು ಕಟ್ಟಿದ್ದೇನೆ. ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ಅದು ನೋಡಿದೆ, ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ಅಂಗಡಿಗೆ ಹೋಗಿ ಕೋಳಿ ಜಾಲರಿ ಕೊಡಿ ಅಂದರೆ ಆರು ಮೂಲೆ ಕಣ್ಣಿನ, ಕೈಯಲ್ಲೇ ಬಗ್ಗುವ ತೆಳ್ಳನೆಯದನ್ನು ತೆಗೆದು ಮುಂದಿಡುತ್ತಾರೆ. ಕೋಳಿ ಹೊರಗೆ ಹೋಗದ ಹಾಗೆ ಅದು ನೋಡಿಕೊಳ್ಳುತ್ತದೆ, ಅಷ್ಟೇ. ಹೊರಗಿನಿಂದ ಬರುವವರನ್ನು ತಡೆಯುವ ಕೆಲಸ ಅದರ ಕೈಲಿ ಆಗಲ್ಲ. ಬೀದಿನಾಯಿ ಹಲ್ಲು ಹಾಕಿ ಎಳೆದರೆ ಕಿತ್ತು ಬರುತ್ತದೆ, ಹೆಗ್ಗಣ ಕಡಿದು ದಾರಿ ಮಾಡಿಕೊಳ್ಳುತ್ತದೆ, ಇನ್ನು ಮುಂಗುಸಿಗೆ ಒಂದು ಸಡಿಲ ಮೂಲೆ ಸಿಕ್ಕರೆ ಸಾಕು. ಮುಂಗುಸಿ ಬರುವುದು ಹಗಲಲ್ಲಿ, ನೀವು ಆಫೀಸಿಗೋ ಹೊಲಕ್ಕೋ ಹೋಗಿರುವಾಗ. ರಾತ್ರಿ ಬಾಗಿಲು ಹಾಕಿದರೆ ಆಯ್ತು ಅನ್ನೋರು ಇದನ್ನು ಮರೆಯುತ್ತಾರೆ.

ವೆಲ್ಡ್ ಮೆಶ್ ಎಲ್ಲಾ ಒಂದೇ ಅಲ್ಲ. ಗೇಜ್ ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳ್ಳಗೆ. 16 ಗೇಜ್ ಅಂದರೆ ಹೆಚ್ಚುಕಮ್ಮಿ 1.6 ಮಿಮೀ, 19 ಅಂದರೆ 1 ಮಿಮೀ. ಅರ್ಧ ಇಂಚಿನ ಕಣ್ಣಿಗೆ 18 ಅಥವಾ 19 ಸಾಕು. ಅದಕ್ಕಿಂತ ತೆಳ್ಳಗಿನದು ಬೇಡ. ಇನ್ನೊಂದು ವಿಷಯ ಅಂಗಡಿಯವರು ತಾವಾಗಿ ಹೇಳಲ್ಲ. ವೆಲ್ಡ್ ಮಾಡಿದ ಮೇಲೆ ಸತುವಿನಲ್ಲಿ ಅದ್ದಿದ ಜಾಲರಿ ಬೇರೆ, ಮೊದಲೇ ಸತು ಬಳಿದ ತಂತಿಯಿಂದ ವೆಲ್ಡ್ ಮಾಡಿದ್ದು ಬೇರೆ. ತಂತಿ ತಂತಿ ಸೇರುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಸತು ತುಂಬಿಕೊಂಡು ಸ್ವಲ್ಪ ದಪ್ಪಗೆ ಕಂಡರೆ ಒಳ್ಳೇದು, ಸುಟ್ಟ ಕಪ್ಪು ಚುಕ್ಕೆ ಕಂಡರೆ ತುಕ್ಕು ಶುರುವಾಗೋದು ಅಲ್ಲಿಂದಲೇ. ನಾನು ತಂದಿದ್ದು ಮೊದಲನೇ ಥರದ್ದು. ಮಳೆಗಾಲ ಕಳೆದರೂ ಸಂದಿಗಳಲ್ಲಿ ತುಕ್ಕಿಲ್ಲ. ಕತ್ತರಿಸಿದ ತುದಿಗಳಲ್ಲಿ ಮಾತ್ರ ಬಂದಿದೆ, ಅದು ಬಂದೇ ಬರುತ್ತದೆ, ಪೇಂಟ್ ತಾಗಿಸಿದರೆ ನಿಲ್ಲುತ್ತದೆ.

ಅಂಗಡಿ ಬಗ್ಗೆ ಹೇಳಬೇಕೆಂದರೆ, ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ, ಪೂರ್ತಿ ರೋಲ್ ತಗೊಳ್ಳಿ ಅಂತ ಪೀಡಿಸಲ್ಲ, ಎರಡು ಮೂರು ಥರ ಬಿಚ್ಚಿ ತೋರಿಸೋಕೆ ಬೇಜಾರಿಲ್ಲ. ಆದರೆ ಬಿಲ್ ಕೇಳಿದರೆ ಮುಖ ಬೇರೆಯಾಗುತ್ತದೆ. ಗೇಜ್ ಎಷ್ಟು ಅಂತ ಕೆಲಸದ ಹುಡುಗನನ್ನು ಕೇಳಿದರೆ 'ಸ್ಟ್ರಾಂಗ್ ಐತಿ ತಗೊಳ್ರಿ' ಅನ್ನುವುದೇ ಉತ್ತರ. ಯಜಮಾನರನ್ನೇ ಕೇಳಿ.

ಜಾಲರಿಯ ತೊಂದರೆಗಳೂ ಇವೆ. ಕತ್ತರಿಸಿದ ತುದಿ ಕೈ ಸೀಳುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಸಣ್ಣ ಕಣ್ಣಾದ್ದರಿಂದ ಧೂಳು, ಪುಕ್ಕ, ಜೇಡರ ಬಲೆ ಸೇರಿ ಗಾಳಿ ಕಟ್ಟುತ್ತದೆ. ಆಗಾಗ ಪೊರಕೆ ಆಡಿಸಬೇಕು. ಗೂಡಿನೊಳಗಿನ ನೆಲಕ್ಕೆ ಮಾತ್ರ ಇದನ್ನು ಹಾಸಬೇಡಿ, ತಂತಿ ಮೇಲೆ ನಿಂತೂ ನಿಂತೂ ಕೋಳಿಗಳ ಪಾದ ಹುಣ್ಣಾಗುತ್ತದೆ, ಅದರಲ್ಲೂ ಗಿರಿರಾಜದಂಥ ಭಾರದ ಕೋಳಿಗೆ.

ಉಳಿದಿದ್ದೆಲ್ಲ ಅಗ್ಗದಲ್ಲಿ ಆಗುತ್ತದೆ. ಚನ್ನಗಿರಿ ಕಡೆ ತೋಟದವರ ಪರಿಚಯ ಇದ್ದರೆ ಗೂಡಿನ ಚೌಕಟ್ಟಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಕೇಳಿ ನೋಡಿ. ಮಣ್ಣಿಗೆ ತಾಗಿದರೆ ಗೆದ್ದಲು ಬಿಡಲ್ಲ, ಆದ್ದರಿಂದ ಸೈಜುಗಲ್ಲಿನ ಮೇಲೆ ನಿಲ್ಲಿಸಿ. ಜಾಲರಿಯನ್ನು ದಬ್ಬೆಗೆ ಮೊಳೆ ಬಗ್ಗಿಸಿ ಕೂರಿಸಿದರೆ ಸಾಲದು, ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಗೋಡೆಯ ಬುಡದಿಂದ ಹೊರಕ್ಕೆ ಒಂದು ಅಡಿ ಜಾಲರಿಯನ್ನು ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿ. ತೋಡಲು ಬಂದ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಒಂದು ಅಡಿ ಹಿಂದೆ ಸರಿದು ಶುರುಮಾಡುವ ಬುದ್ಧಿ ಸಾಮಾನ್ಯವಾಗಿ ಅದಕ್ಕೆ ಹೊಳೆಯಲ್ಲ. ಈ ಒಂದು ಅಡಿಯನ್ನೂ ಸೇರಿಸಿ ಜಾಲರಿ ಲೆಕ್ಕ ಹಾಕಿ.

ನಮ್ಮೂರ ಬೇಸಿಗೆ ಗೊತ್ತಲ್ಲ. ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕಿರಲಿ, ಆಗ ಬಿಸಿಲು ಉದ್ದದ ಬದಿಗೆ ನೇರವಾಗಿ ಹೊಡೆಯಲ್ಲ. ತಗಡಿನ ಮೇಲೆ ತೆಂಗಿನ ಗರಿ ಹಾಕಿ. ಕೋಳಿಗೆ ಬೆವರು ಬರಲ್ಲ, ಮೈ ತಂಪು ಮಾಡಿಕೊಳ್ಳಲು ಬಾಯಿ ತೆರೆದು ಏದುಸಿರು ಬಿಡುವುದೇ ಅದಕ್ಕಿರುವ ಮುಖ್ಯ ದಾರಿ, ಅದಕ್ಕೇ ಗಾಳಿ ಬೇಕು. ನೆಲಕ್ಕೆ ಭತ್ತದ ಹೊಟ್ಟು, ರೈಸ್ ಮಿಲ್ಲುಗಳ ಊರಲ್ಲಿ ಅದಕ್ಕೇನು ಬರ? ಚಳ್ಳಕೆರೆ ಕಡೆಯವರು ಶೇಂಗಾ ಸಿಪ್ಪೆ ಹಾಕಬಹುದು, ಆದರೆ ಪೂರ್ತಿ ಒಣಗಿರಬೇಕು, ಬೂಸ್ಟು ಹಿಡಿದದ್ದು ಬೇಡವೇ ಬೇಡ. ಒಂದು ಕೋಳಿಗೆ ಕನಿಷ್ಠ 2 ಚದರ ಅಡಿ ಜಾಗ, ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆ ಪೆಟ್ಟಿಗೆ.

ಕೊನೆಗೆ ಅಳತೆ. ಈ ಜಾಲರಿ 3 ಅಡಿ, 4 ಅಡಿ ಅಗಲದಲ್ಲಿ ಸಿಗುತ್ತದೆ. ಗೂಡಿನ ಗೋಡೆ 3 ಅಡಿ ಇಟ್ಟುಕೊಂಡರೆ 4 ಅಡಿಯ ರೋಲಿನಲ್ಲಿ ಕೆಳಗಿನ ಒಂದು ಅಡಿಯನ್ನು ಹಾಗೇ ಹೊರಕ್ಕೆ ಮಡಚಬಹುದು, ಉದ್ದಕ್ಕೆ ಕತ್ತರಿಸುವ ಕೆಲಸವೇ ಇಲ್ಲ. ಅಂಗಡಿಗೆ ಹೋಗುವ ಮೊದಲು ನಕ್ಷೆ ಗೀಚಿಕೊಂಡು ಹೋಗಿ, ಟೇಪು ಜೇಬಲ್ಲಿರಲಿ.