ನೋಂದಣಿ 2006, ಚಾಸಿ 1998, ಮುಂದಿನ ಡಿಫ್ ಇನ್ನೂ ಹಳೇದು: ಜಿಪ್ಸಿ ಕೊಳ್ಳುವವರಿಗೆ ಎಚ್ಚರಿಕೆ

ಹಳೇ ಮಾರುತಿ ಜಿಪ್ಸಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ಕೆಳಗೆ ಹೇಳುವ ಗಾಡಿ ಒಂದೇ, ಆದರೆ ಅದರಂಥವು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಆರ್‌ಸಿಯಲ್ಲಿ ಮಾಡೆಲ್ ಎಂಜಿ413ಡಬ್ಲ್ಯು, ಅಂದರೆ ಜಿಪ್ಸಿ ಕಿಂಗ್. ನೋಂದಣಿ 2006. ಮಾರುವವರ ಮಾತು: ಒರಿಜಿನಲ್ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಷನ್ ಇರುವ ಎಂಜಿನ್), ಎಲ್ಲೂ ಕೈ ಹಾಕಿಲ್ಲ. ಬಾನೆಟ್ ಎತ್ತಿದರೆ 16 ವಾಲ್ವಿನ ಎಂಜಿನ್ ಕಾಣುತ್ತಿತ್ತು, ಡಾಂಬರಿನ ಮೇಲೆ ಗಾಡಿ ಚೆನ್ನಾಗಿಯೇ ಓಡಿತು. 4ಎಚ್ (ನಾಲ್ಕು ಚಕ್ರ ಡ್ರೈವ್) ಹಾಕಿ ಕೆಸರು ದಾಟಿ, ಗಟ್ಟಿ ಏರಿನಲ್ಲೂ ಹಾಗೇ ಬಿಟ್ಟ ದಿನ ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ರಬ್ಬರ್ ಮೌಂಟ್ ಹರಿಯಿತು. ಹೊಸದು ಹಾಕಿಸಿದರು, ಅದೂ ಹರಿಯಿತು. ಆಮೇಲೆ ಆ ಪೆಟ್ಟಿಗೆಯಿಂದ ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಹೋಯಿತು. ಮೆಕ್ಯಾನಿಕ್ ಹೇಳಿದ್ದು "ಡೂಪ್ಲಿಕೇಟ್ ಮೌಂಟ್ ಸಾರ್, ಕಂಪನಿ ಮಾಲು ಹಾಕಿ". ಕಂಪನಿ ಮಾಲೂ ಹರಿದ ಮೇಲೆಯೇ ಎರಡೂ ಡಿಫ್ (ಡಿಫರೆನ್ಷಿಯಲ್, ಆಕ್ಸಲ್ ನಡುವಿನ ಗೇರು) ಬಿಚ್ಚಿದ್ದು. ಹಿಂದಿನ ಕ್ರೌನ್-ಪಿನಿಯನ್ ಹಲ್ಲು 43:11. ಮುಂದಿನದು 37:9. ಆರ್‌ಸಿಯನ್ನು ಮತ್ತೆ ಬಿಡಿಸಿ ನೋಡಿದರೆ, ತಯಾರಿಕೆಯ ತಿಂಗಳು-ವರ್ಷದ ಜಾಗದಲ್ಲಿ 1998 ಎಂದು ಇತ್ತು. ಕೊಂಡವರು ನೋಡಿದ್ದು ನೋಂದಣಿ ದಿನಾಂಕ ಮಾತ್ರ.

ಇದು ಯಾಕೆ ಇಷ್ಟು ಸುಲಭವಾಗಿ ನಡೆಯುತ್ತದೆ ಎನ್ನುವುದಕ್ಕೆ ಜಿಪ್ಸಿಯ ವರ್ಷಗಳನ್ನು ಒಮ್ಮೆ ನೋಡಬೇಕು. 1985ರ ಡಿಸೆಂಬರಿನಲ್ಲಿ ಬಂದದ್ದು ಎಂಜಿ410: 970 ಸಿಸಿಯ ಎಫ್10ಎ ಎಂಜಿನ್, ಕಾರ್ಬೊರೇಟರ್, 4 ಗೇರ್. 1993ರ ಜುಲೈನಲ್ಲಿ ಎಂಜಿ410ಡಬ್ಲ್ಯು: ಎಂಜಿನ್ ಅದೇ, ಚಕ್ರಗಳ ನಡುವಿನ ಅಗಲ ಮಾತ್ರ 90 ಮಿ.ಮೀ. ಹೆಚ್ಚಾಗಿ ಮುಂದೆ 1300, ಹಿಂದೆ 1310 ಆಯಿತು. 1996ರಲ್ಲಿ ಕಿಂಗ್: 1298 ಸಿಸಿಯ ಜಿ13ಬಿಎ, 8 ವಾಲ್ವ್, ಆಗಲೂ ಕಾರ್ಬೊರೇಟರೇ, 5 ಗೇರ್. 2000ದ ಮಾರ್ಚಿನಲ್ಲಿ ಅದೇ ಕಿಂಗ್‌ಗೆ 16 ವಾಲ್ವಿನ ಎಂಪಿಎಫ್‌ಐ ಜಿ13ಬಿಬಿ ಬಂತು, 80 ಬಿಎಚ್‌ಪಿ. ಎಂಜಿ413ಡಬ್ಲ್ಯು ಎಂಬ ಹೆಸರು ಮಾತ್ರ ಬದಲಾಗಲಿಲ್ಲ. ಹಾಗಾಗಿ ಆರ್‌ಸಿಯ ಮಾಡೆಲ್ ಹೆಸರೊಂದನ್ನೇ ನೋಡಿ ಕಾರ್ಬೊರೇಟರ್ ಗಾಡಿಯೋ ಎಂಪಿಎಫ್‌ಐ ಗಾಡಿಯೋ ಎಂದು ಹೇಳಲು ಬರುವುದಿಲ್ಲ.

ಈ ಮೂವತ್ತು ಚಿಲ್ಲರೆ ವರ್ಷ ವೀಲ್‌ಬೇಸ್ 2375 ಮಿ.ಮೀ. ಆಗಿಯೇ ಉಳಿಯಿತು. ಗ್ರಿಲ್, ಬಾನೆಟ್, ಬಾಗಿಲು, ಫ್ಲೇರ್ ಎಲ್ಲ ಬೋಲ್ಟ್ ಬಿಚ್ಚಿ ಬದಲಿಸುವ ಸಾಮಾನು. ಮುಖ ನೋಡಿ "ಇದು ಇಂಥ ವರ್ಷದ್ದು" ಎನ್ನುವವರ ಮಾತಿಗೆ ತಲೆ ಆಡಿಸಿ ಮುಂದೆ ಹೋಗಿ. ಸೇನೆಯ ಗಾಡಿಗಳು ಹರಾಜಾಗಿ ಆಮೇಲೆ ಖಾಸಗಿ ಹೆಸರಿಗೆ ನೋಂದಣಿ ಆಗುತ್ತವೆ. ಅವುಗಳಲ್ಲಿ ತಯಾರಿಕೆಗೂ ನೋಂದಣಿಗೂ ವರ್ಷಗಟ್ಟಲೆ ಅಂತರ ಇರುವುದು ಮಾಮೂಲು, ಅದರಲ್ಲಿ ಮೋಸವೇನೂ ಇಲ್ಲ. ಆ ಅಂತರವನ್ನು ಬಾಯಿ ಬಿಡದೆ ಹೊಸ ಮಾಡೆಲ್ ರೇಟಿಗೆ ಮಾರುವುದು ಮೋಸ. ಹರಾಜಿನ ಕಾಗದದಲ್ಲಿ ಸೇನೆಯ ಹಳೇ ನಂಬರ್ ಇದ್ದರೆ ಬಾಣದ ಗುರುತಿನ ಪಕ್ಕದ ಎರಡು ಅಂಕಿ ನೋಡಿ, ಸೇನೆ ಆ ಗಾಡಿಯನ್ನು ತೆಗೆದುಕೊಂಡ ವರ್ಷ ಅದು.

ಈಗ ಡಿಫ್ ವಿಷಯ. ಅತಿ ಹೆಚ್ಚು ದುಡ್ಡು ಹೋಗುವುದು ಇಲ್ಲೇ.

410ರ ಫೈನಲ್ ಡ್ರೈವ್ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಸುತ್ತು) 4.11, ಅಂದರೆ 37:9. ಕಿಂಗ್‌ದು 3.909, ಅಂದರೆ 43:11. 410ಡಬ್ಲ್ಯು ಮತ್ತು ಕಿಂಗ್ ಎರಡರ ಅಗಲ ಒಂದೇ ಆದ್ದರಿಂದ ಗುಜರಿಯಿಂದ ತಂದ 410ಡಬ್ಲ್ಯು ಆಕ್ಸಲ್ ಕಿಂಗ್‌ನ ಸ್ಪ್ರಿಂಗಿನ ಮೇಲೆ ಸಲೀಸಾಗಿ ಕೂರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. 2ಎಚ್‌ನಲ್ಲಿ ಓಡಿಸುವಾಗಲೂ ಗೊತ್ತಾಗುವುದಿಲ್ಲ, ಯಾಕೆಂದರೆ ಮುಂದಿನ ಆಕ್ಸಲ್‌ಗೆ ಆಗ ಎಂಜಿನ್ ಶಕ್ತಿ ಹೋಗುವುದೇ ಇಲ್ಲ. 4ಎಚ್ ಹಾಕಿದ ಕೂಡಲೇ ಎರಡೂ ಪ್ರೊಪೆಲ್ಲರ್ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಂದಿನ ಚಕ್ರ ಮುಂದಿನದಕ್ಕಿಂತ ಸುಮಾರು ನೂರಕ್ಕೆ 5ರಷ್ಟು ಹೆಚ್ಚು ಓಡಲು ಹೊರಡುತ್ತದೆ. 100 ಮೀಟರ್ ದಾರಿಗೆ 5 ಮೀಟರ್ ವ್ಯತ್ಯಾಸ. ಮುಂದೆ 205/70 ಆರ್15 ಟೈರು, ಹಿಂದೆ 215/75 ಆರ್15 ಹಾಕಿದರೆ ಬರುವ ವ್ಯತ್ಯಾಸವೂ ಹತ್ತಿರ ಹತ್ತಿರ ಇಷ್ಟೇ. ಹಾಗೆ ಟೈರು ಹಾಕಿ ನಾಲ್ಕು ಚಕ್ರ ಡ್ರೈವ್ ಬಳಸಲು ಯಾರೂ ಒಪ್ಪುವುದಿಲ್ಲ, ಡಿಫ್ ಮಾತ್ರ ಕಣ್ಣಿಗೆ ಕಾಣದ್ದರಿಂದ ದಾಟಿಹೋಗುತ್ತದೆ.

ಕೆಸರಿನಲ್ಲಿ ಟೈರು ಜಾರಿ ಆ ಒತ್ತಡ ಬಿಟ್ಟುಹೋಗುತ್ತದೆ. ಗಟ್ಟಿ ನೆಲದಲ್ಲಿ ಬಿಡಲು ದಾರಿಯೇ ಇಲ್ಲ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇಟ್ಟು ಚಾಸಿಗೆ ರಬ್ಬರ್ ಮೌಂಟಿನಲ್ಲಿ ತೂಗುಹಾಕಿದ್ದಾರೆ. ಶಾಫ್ಟುಗಳಲ್ಲಿ ಸುತ್ತಿಕೊಂಡ ಬಲ ಆ ರಬ್ಬರಿನ ಮೇಲೂ ಬೀಳುತ್ತದೆ. ಮೊದಲು ಮೌಂಟ್, ಆಮೇಲೆ ಕ್ರಾಸ್, ಅಲ್ಲಿಗೂ ನಿಲ್ಲಿಸದಿದ್ದರೆ ಮುಂದಿನ ಆಕ್ಸಲ್ ತುದಿಯ ಸಿವಿ ಜಾಯಿಂಟ್. ತಿರುವಿನಲ್ಲಿ ಇದು ಇನ್ನೂ ಕೆಟ್ಟದು: ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಸುತ್ತಬೇಕಾದ ಕಡೆಯಲ್ಲೇ ಅದನ್ನು ಹಿಡಿದೆಳೆದಂತಾಗುತ್ತದೆ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಮುಂದಿನ ಟೈರು ಉರುಳುವ ಬದಲು ಉಜ್ಜಿಕೊಂಡು ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಮೌಂಟಿನ ಖರ್ಚಿಗಿಂತ ಹೆದರಬೇಕಾದ್ದು ಇದಕ್ಕೆ.

ಪತ್ತೆ ಹಚ್ಚಲು ಏನೂ ಬಿಚ್ಚಬೇಕಿಲ್ಲ. ಒಂದು ಜಾಕ್, ಸೀಮೆಸುಣ್ಣ, ಜೊತೆಗೊಬ್ಬರು ಸಾಕು. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಗೇರ್‌ಬಾಕ್ಸನ್ನು ನ್ಯೂಟ್ರಲ್‌ಗೆ, ಟ್ರಾನ್ಸ್‌ಫರ್ ಲಿವರನ್ನು 2ಎಚ್‌ಗೆ ತನ್ನಿ. ಒಂದೇ ಒಂದು ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ, ಉಳಿದ ಮೂರಕ್ಕೂ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಬಿಡಿ. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಗುರುತು ಹಾಕಿ, ಚಕ್ರವನ್ನು ಸರಿಯಾಗಿ 20 ಸುತ್ತು ತಿರುಗಿಸಿ. ಎದುರಿನ ಚಕ್ರ ನೆಲದ ಮೇಲೆ ನಿಂತಿರುವುದರಿಂದ ಶಾಫ್ಟ್ ಅನುಪಾತದ ಅರ್ಧದಷ್ಟು ಮಾತ್ರ ತಿರುಗುತ್ತದೆ: 3.909 ಇದ್ದರೆ 39 ಸುತ್ತು, 4.11 ಇದ್ದರೆ 41 ಸುತ್ತು. ಮುಂದೆಯೂ ಇದನ್ನೇ ಮಾಡಿ. ಫ್ರೀವೀಲಿಂಗ್ ಹಬ್ (ಮುಂದಿನ ಚಕ್ರವನ್ನು ಶಾಫ್ಟಿನಿಂದ ಬಿಡಿಸುವ ಹಬ್) ಹಾಕಿಸಿದ್ದರೆ ಎರಡನ್ನೂ ಲಾಕ್ ಮಾಡಿ, ಇಲ್ಲವಾದರೆ ಶಾಫ್ಟ್ ತಿರುಗುವುದೇ ಇಲ್ಲ. ಎರಡು ಸುತ್ತು ತಿರುಗಿಸಿ ಲೆಕ್ಕ ಹಾಕುವ ಅವಸರ ಬೇಡ. ಕಾಲು ಸುತ್ತಿಗೂ ಕಡಿಮೆ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ.

ಗಾಡಿ ಎತ್ತಿದ್ದಾಗಲೇ ಟ್ರಾನ್ಸ್‌ಫರ್ ಕೇಸನ್ನೂ ನೋಡಿಬಿಡಿ. ಗೇರ್‌ಬಾಕ್ಸ್ ನ್ಯೂಟ್ರಲ್, ಟ್ರಾನ್ಸ್‌ಫರ್ 2ಎಚ್. ಎತ್ತಿದ ಹಿಂದಿನ ಚಕ್ರವನ್ನೇ ತಿರುಗಿಸುತ್ತಾ, ಹಿಂದಿನ ಶಾಫ್ಟ್ 10 ಸುತ್ತು ಬರುವಷ್ಟರಲ್ಲಿ ನಡುವಿನ ಗಿಡ್ಡ ಶಾಫ್ಟ್ ಎಷ್ಟು ತಿರುಗಿತು ಎಣಿಸಿ. ಕಿಂಗ್‌ನ ಕೇಸಾದರೆ 14 ಸುತ್ತು (1.409), 410ರ ಕೇಸಾದರೆ ಸುಮಾರು 16 (1.58). ಕಿಂಗ್‌ಗೆ 410ರ ಕೇಸ್ ಹಾಕುವುದು ತಪ್ಪಲ್ಲ, ಕಾಡು-ಬೆಟ್ಟ ಹತ್ತುವವರು ಬೇಕೆಂದೇ ಹಾಕಿಸುತ್ತಾರೆ. ಲೋ ರೇಂಜ್ (4ಎಲ್, ಕಡಿದಾದ ಏರಿಗೆ ಬಳಸುವ ನಿಧಾನದ ಗೇರ್) 2.268ರಿಂದ 2.511 ಆಗುತ್ತದೆ. ಆದರೆ ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ನೂರಕ್ಕೆ 12ರಷ್ಟು ಹೆಚ್ಚು ತಿರುಗುತ್ತದೆ. ಗೊತ್ತಿದ್ದು ಕೊಂಡರೆ ಲಾಭ, ಗೊತ್ತಿಲ್ಲದೆ ಕೊಂಡರೆ "ಈ ಕಿಂಗ್ ಯಾಕೆ ಇಷ್ಟು ಕಿರುಚುತ್ತದೆ" ಎಂಬ ಗೊಣಗಾಟ.

ಅಗಲ ನೋಡಲು ದಾರ ಸಾಕು. ನಾಲ್ಕೂ ಚಕ್ರಕ್ಕೆ ಒಂದೇ ಡಿಸ್ಕ್ (ರಿಮ್), ಒಂದೇ ಅಳತೆಯ ಟೈರು ಇದೆಯೇ ಎಂದು ಖಚಿತಪಡಿಸಿಕೊಂಡು, ಹಬ್ಬಿನ ಎತ್ತರದಲ್ಲಿ ಹಿಂದಿನ ಟೈರಿಗೆ ಒತ್ತಿ ಮುಂದಕ್ಕೆ ದಾರ ಎಳೆಯಿರಿ. ವೈಡ್ ಟ್ರ್ಯಾಕಿನಲ್ಲಿ (410ಡಬ್ಲ್ಯು, ಕಿಂಗ್) ಮುಂದಿನ ಟೈರು ಪ್ರತಿ ಪಕ್ಕ 5 ಮಿ.ಮೀ. ಒಳಗಿರಬೇಕು. 50 ಮಿ.ಮೀ. ಒಳಗಿದ್ದರೆ ಮುಂದೆ 1993ಕ್ಕಿಂತ ಹಿಂದಿನ ಆಕ್ಸಲ್ ಇದೆ, ಟೈ ರಾಡಿನಿಂದ ಹಿಡಿದು ಸೈಡ್ ಶಾಫ್ಟ್ ತನಕ ಮುಂದೆ ಕೊಳ್ಳುವ ಸಾಮಾನೆಲ್ಲ ಆ ಅಳತೆಯದ್ದೇ ಆಗಬೇಕು.

ಎಂಜಿನ್ ಬಗ್ಗೆ. ಮೇಲಿನ ಗಾಡಿಯಲ್ಲಿದ್ದದ್ದು ಎಸ್ಟೀಮ್ ಕಾರಿನಿಂದ ತೆಗೆದ 16 ವಾಲ್ವ್ ಎಂಜಿನ್. ಕಾರಿನಲ್ಲಿ ಅದು ಅಡ್ಡ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಆದ್ದರಿಂದ ಸಂಪ್ (ಆಯಿಲ್ ನಿಲ್ಲುವ ತಳ), ಒಳಗಿನ ಆಯಿಲ್ ಪಿಕಪ್ (ಆಯಿಲ್ ಹೀರುವ ಕೊಳವೆ), ಮೌಂಟ್ ಎಲ್ಲ ಜಿಪ್ಸಿಯದ್ದೇ ಹಾಕಬೇಕು. ಸಂಪ್ ಬದಲಿಸಿ ಪಿಕಪ್ ಹೊಂದಿಸದೆ ಬಿಟ್ಟರೆ ಏರಿನಲ್ಲಿ ಆಯಿಲ್ ಲೈಟ್ ಮಿನುಗುತ್ತದೆ, ಬೇರಿಂಗ್ ಹೋಗಲು ಅಷ್ಟು ಸಾಕು. ಇನ್ನೊಂದು, ಪೆಟ್ರೋಲ್ ಪೈಪು. ಕಾರ್ಬೊರೇಟರಿಗೆ ಮೆಕ್ಯಾನಿಕಲ್ ಪಂಪಿನ ಅಲ್ಪ ಒತ್ತಡ, ಎಂಪಿಎಫ್‌ಐಗೆ ಎಲೆಕ್ಟ್ರಿಕ್ ಪಂಪಿನ 2.5–3 ಬಾರ್. ಹಳೇ ಪೈಪು, ಹಳೇ ಕ್ಲಿಪ್ಪಿನಲ್ಲೇ ಕೆಲಸ ಮುಗಿಸಿದ್ದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸಿಡಿಯುವುದಕ್ಕೆ ಮುಹೂರ್ತ ಬೇಕಿಲ್ಲ. ಇಂಜೆಕ್ಷನ್ ದರ್ಜೆಯ ಪೈಪು ಇದೆಯೇ ನೋಡಿ. ವೈರಿಂಗಿನಲ್ಲಿ ಟೇಪ್ ಸುತ್ತಿದ ಜಾಯಿಂಟುಗಳನ್ನು ಎಣಿಸಿ, ಇಸಿಯು (ಎಂಜಿನ್ ಕಂಪ್ಯೂಟರ್) ನೀರು ಬೀಳುವ ಜಾಗದಲ್ಲಿ ಇದೆಯೇ ನೋಡಿ. ಬ್ರೇಕ್ ಬೂಸ್ಟರ್ ಪರೀಕ್ಷೆ ಒಂದು ನಿಮಿಷದ್ದು: ಎಂಜಿನ್ ಆಫ್ ಇರುವಾಗ ಪೆಡಲ್ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಲೇಬೇಕು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇರುವುದೇ ಇಂಥ ಬದಲಾವಣೆಗಳಿಗೆ. ಬ್ಲಾಕಿನ ಮೇಲಿನ ನಂಬರಿಗೂ ಆರ್‌ಸಿಗೂ ತಾಳೆಯಾಗದಿದ್ದರೆ ಇನ್ಶೂರೆನ್ಸ್ ಕ್ಲೇಮಿನಲ್ಲಿ ತಕರಾರು ಬರುತ್ತದೆ. 15 ವರ್ಷ ದಾಟಿದ ಗಾಡಿಗೆ ಪ್ರತಿ 5 ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋದಾಗ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಮಾರಿದವರಲ್ಲ, ನೀವು. ಬ್ಲಾಕ್ ಒರೆಸಿ ನಂಬರ್ ಓದಿ. ಗ್ರೀಸು ಮೆತ್ತಿ "ಕಾಣಲ್ಲ ಬಿಡಿ" ಎಂದರೆ ಅಲ್ಲಿಂದ ಎದ್ದು ಬನ್ನಿ.

ಈಗಾಗಲೇ ಇಂಥ ಗಾಡಿ ಮನೆ ಸೇರಿದ್ದರೆ, ಡಿಫ್ ಸರಿಯಾಗುವ ತನಕ 4ಎಚ್, 4ಎಲ್ ಎರಡನ್ನೂ ಮುಟ್ಟಬೇಡಿ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಪಕ್ಕಕ್ಕಿಟ್ಟರೆ ಇನ್ನೂ ಒಳ್ಳೆಯದು, ಬೇರೆ ಯಾರೋ ಲಿವರ್ ಎಳೆಯುವ ಭಯ ಇರುವುದಿಲ್ಲ. ಜಿಪ್ಸಿಯಲ್ಲಿ ಡಿಫ್ ಇಡಿಯಾಗಿ ಹೊರಬರುತ್ತದೆ, ಹೌಸಿಂಗ್ ಬದಲಿಸಬೇಕಿಲ್ಲ. ಕ್ರೌನ್ ಒಂದು ಕಡೆ, ಪಿನಿಯನ್ ಇನ್ನೊಂದು ಕಡೆ ಹುಡುಕಬೇಡಿ. ಅವು ಜೋಡಿಯಾಗಿ ಉಜ್ಜಿ ಹೊಂದಿಸಿದವು, ಬೇರೆ ಬೇರೆ ಕೂಡಿಸಿದರೆ ಊಳಿಡುತ್ತವೆ. ಹಲ್ಲು ಎಣಿಸಿ ಪೂರ್ತಿ ಡಿಫ್ ತೆಗೆದುಕೊಳ್ಳಿ. ಸೈಡ್ ಶಾಫ್ಟಿನ ಸ್ಪ್ಲೈನನ್ನೂ (ತುದಿಯ ಉದ್ದುದ್ದ ಹಲ್ಲು) ಎಣಿಸಿಕೊಂಡೇ ಹೋಗಿ, ಈ ವಂಶದ ಆಕ್ಸಲ್‌ಗಳಲ್ಲಿ 22 ಮತ್ತು 26 ಎರಡೂ ಉಂಟು, ಒಂದರೊಳಗೆ ಇನ್ನೊಂದು ಹೋಗುವುದಿಲ್ಲ. ಮುಂದಿನ ಡಿಫ್ ತೆಗೆಯಲು ಶಾಫ್ಟುಗಳನ್ನು ಹೊರಗೆಳೆಯಬೇಕಾಗುವುದರಿಂದ, ಆಕ್ಸಲ್ ತುದಿಯ ಆಯಿಲ್ ಸೀಲುಗಳನ್ನು ಅದೇ ಕೈಯಲ್ಲಿ ಬದಲಿಸಿಬಿಡಿ. ಹೊಸ ಗ್ಯಾಸ್ಕೆಟ್ ಹಾಕಿ, ಫಿಲ್ಲರ್ ರಂಧ್ರದಿಂದ ಆಯಿಲ್ ತುಳುಕುವ ತನಕ ತುಂಬಿ. ಮುಂದೆ ಸುಮಾರು 2 ಲೀಟರ್, ಹಿಂದೆ ಸುಮಾರು 1.5 ಹಿಡಿಯುತ್ತದೆ. ಮುಚ್ಚುವ ಮೊದಲೇ 20 ಸುತ್ತಿನ ಲೆಕ್ಕ ಮತ್ತೊಮ್ಮೆ ಮಾಡಿ, ಗುಜರಿಯವರು "ಕಿಂಗ್‌ದೇ ಸಾರ್" ಎಂದು ಆಣೆ ಮಾಡಿದ್ದರೂ ಸರಿಯೇ.