ಎಫ್‌ಪಿವಿ ಕಾರ್ ಕಿಟ್‌ಗೆ ಮುಂಗಡ ಹಾಕುವ ಮೊದಲು ಇದನ್ನು ಓದಿ, ನನಗೆ ಆದದ್ದು ನಿಮಗೆ ಆಗಬಾರದು

ಆರ್‌ಸಿ, ಅಂದರೆ ರಿಮೋಟ್ ಕಾರಿಗೆ ಕ್ಯಾಮೆರಾ ಕೂರಿಸಿ, ಗಾಗಲ್ಸ್ ಹಾಕಿಕೊಂಡು ಒಳಗೇ ಕೂತ ಹಾಗೆ ಓಡಿಸುವ (ಇದಕ್ಕೇ ಎಫ್‌ಪಿವಿ ಅನ್ನುವುದು) ಆಸೆ ಇರುವ ಎಲ್ಲರಿಗೂ ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ಒಬ್ಬ "ರೆಡಿ ಎಫ್‌ಪಿವಿ ಕಿಟ್, ಕೂರಿಸಿ ಓಡಿಸೋದಷ್ಟೇ ಬ್ರೋ" ಅಂತ ಮಾರುತ್ತಿದ್ದಾನೆ. ಬೆಲೆ ₹16,500. ನಾನು ಪೂರ್ತಿ ಕೊಟ್ಟೆ. ಈಗ ನನ್ನ ಮೇಜಿನ ಮೇಲೆ ಇರುವುದು ಸುಟ್ಟುಹೋದ ವಿಟಿಎಕ್ಸ್ (ಕ್ಯಾಮೆರಾದ ಚಿತ್ರವನ್ನು ಗಾಗಲ್ಸ್‌ಗೆ ಕಳಿಸುವ ಟ್ರಾನ್ಸ್‌ಮಿಟರ್), ಹಲ್ಲು ಸವೆದ ಸರ್ವೋ (ಕ್ಯಾಮೆರಾ ತಿರುಗಿಸುವ ಪುಟ್ಟ ಮೋಟಾರ್), ಸುಳ್ಳು ಲೇಬಲ್ಲಿನ ಬ್ಯಾಟರಿ. ದುಡ್ಡು ವಾಪಸ್ ಬಂದಿಲ್ಲ. ದೂರು ಕೊಟ್ಟಿದ್ದೇನೆ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಅವನು ಮಾತಾಡುವ ರೀತಿ ಓದಿದರೆ ಸಾಕು, ಅವನು ಎದುರಾದಾಗ ನಿಮಗೆ ಗೊತ್ತಾಗುತ್ತದೆ.

ನಾವೆಲ್ಲ ಇಂಥವರ ಹತ್ತಿರ ಯಾಕೆ ಹೋಗುತ್ತೇವೆ ಅಂತ ಈ ಹವ್ಯಾಸದವರಿಗೆ ಹೇಳಬೇಕಾಗಿಲ್ಲ. ಚೀನಾದಿಂದ ಸಾಮಾನು ತರಿಸುತ್ತಿದ್ದ ಅಲಿಎಕ್ಸ್‌ಪ್ರೆಸ್ ಆ್ಯಪ್ 2020ರ ನವೆಂಬರ್‌ನಲ್ಲಿ ನಮ್ಮಲ್ಲಿ ನಿಂತುಹೋಯಿತು. ಆಟಿಕೆ ಅಂತ ಬರುವ ಸಾಮಾನಿನ ಮೇಲೆ ಕಸ್ಟಮ್ಸ್ ಸುಂಕ 2020ರಲ್ಲಿ 60% ಆಯಿತು, 2023ರಲ್ಲಿ 70%. ವೈರ್‌ಲೆಸ್ ಸಾಮಾನಾದರೆ ಅದಕ್ಕೆ ಬೇರೆ ಒಪ್ಪಿಗೆ ಬೇಕು. ಹೊರಗಿಂದ ತರಿಸಿದರೆ ಬರುತ್ತದೋ ಇಲ್ಲವೋ ಅನ್ನುವ ಭಯ. ಅದಕ್ಕೇ "ನನ್ನ ಹತ್ತಿರ ಸ್ಟಾಕ್ ಇದೆ" ಅನ್ನುವವನು ಸಿಕ್ಕರೆ ದೇವರು ಸಿಕ್ಕಂತೆ ಆಗುತ್ತದೆ. ಈ ಮನುಷ್ಯನಿಗೆ ಅದು ಚೆನ್ನಾಗಿ ಗೊತ್ತು. ಅದರ ಮೇಲೇ ಅವನ ವ್ಯಾಪಾರ ನಡೆಯುತ್ತಿದೆ.

ನನ್ನ ಹತ್ತಿರ ಆಗಲೇ 1/10 ಅಳತೆಯ ಕಾರಿತ್ತು. ಷಾಸಿ, ಮೋಟಾರ್, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಬೋರ್ಡ್), ರಿಮೋಟ್ ಎಲ್ಲ ನಾನೇ ಜೋಡಿಸಿದ್ದು. ಬೇಕಾಗಿದ್ದದ್ದು ನೋಡುವ ಭಾಗ: ಕ್ಯಾಮೆರಾ, 5.8 ಗಿಗಾಹರ್ಟ್ಸ್ ಅನಲಾಗ್ ವಿಟಿಎಕ್ಸ್, ಗಾಗಲ್ಸ್, ಕ್ಯಾಮೆರಾ ಆಚೆ ಈಚೆ ತಿರುಗಿಸಲು ಸರ್ವೋ, ಜೊತೆಗೆ ಒಂದು ಬ್ಯಾಟರಿ. ಎಲ್ಲವನ್ನೂ ಬರೆದು ಕಳಿಸಿದೆ. ಅವನೂ ಬರೆದೇ ಒಪ್ಪಿದ. "5.8 ಅನಲಾಗ್, 600 ಮಿಲಿವ್ಯಾಟ್, ಮೆಟಲ್ ಗೇರ್ ಸರ್ವೋ, 2ಎಸ್ 5200 ಲಿಪೋ, ಎಲ್ಲಾ ಟೆಸ್ಟ್ ಮಾಡಿ ಕಳಿಸ್ತೀನಿ ಬ್ರೋ." (2ಎಸ್ 5200 ಲಿಪೋ ಅಂದರೆ ಎರಡು ಸೆಲ್ಲಿನ, 5200 ಎಂಎಎಚ್‌ನ ಲಿಥಿಯಂ ಬ್ಯಾಟರಿ.) ಆ ಮೆಸೇಜಿನ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಅವನು ಆಮೇಲೆ ಆ ಮೆಸೇಜನ್ನು ಅಳಿಸಿದ. ಸ್ಕ್ರೀನ್‌ಶಾಟ್ ಅಳಿಸೋಕೆ ಅವನಿಂದ ಆಗುವುದಿಲ್ಲ.

ಒಂದು ವಿಡಿಯೋ ಕಳಿಸಿದ. ಕಾರಿನ ಮೇಲಿಂದ ತೆಗೆದದ್ದು. ಮಣ್ಣಿನ ದಾರಿ, ಗಿಡಗಳ ನಡುವೆ ಜೋರು ಓಟ, ಒಂದು ಕಾಂಪೌಂಡ್ ಗೋಡೆಯ ಹಿಂದೆ ಸುತ್ತಿ ಬರುತ್ತದೆ. ಗಾಜಿನಷ್ಟು ಸ್ಪಷ್ಟ. "ಇದೇ ಕಿಟ್, ಗಾಗಲ್ಸ್‌ನಲ್ಲಿ ಹೀಗೇ ಕಾಣುತ್ತೆ" ಅಂದ. ಈ ವಿಡಿಯೋ ನೆನಪಿಟ್ಟುಕೊಳ್ಳಿ, ನಿಮಗೂ ಇದನ್ನೇ ಕಳಿಸುತ್ತಾನೆ. ಅನಲಾಗ್ ಚಿತ್ರ ಗೋಡೆಯ ಹಿಂದೆ ಹೋದಾಗ ಗೆರೆ ಬರಲೇಬೇಕು, ಬಣ್ಣ ಹೋಗಲೇಬೇಕು, ಒಂದಿಷ್ಟು ಚುಕ್ಕೆ ಚುಕ್ಕೆ ಆಗಲೇಬೇಕು. ಅವನ ವಿಡಿಯೋದಲ್ಲಿ ಒಂದು ಗೆರೆ ಇಲ್ಲ. ಕಾರಿನ ಮೇಲೆ ಬೇರೆ ರೆಕಾರ್ಡಿಂಗ್ ಕ್ಯಾಮೆರಾ ಇಟ್ಟು, ಕಾರ್ಡಿಗೆ ತುಂಬಿಸಿಕೊಂಡು, ಅದನ್ನು ಲೈವ್ ಅಂತ ತೋರಿಸುತ್ತಿದ್ದಾನೆ. ಗಾಗಲ್ಸ್‌ಗೆ ಬಂದ ಚಿತ್ರ ಅದಲ್ಲವೇ ಅಲ್ಲ.

ಅರ್ಧ ದುಡ್ಡು ಮುಂಗಡ, ಉಳಿದದ್ದು ಕೊರಿಯರ್ ರಶೀದಿ ಕಳಿಸಿದ ಮೇಲೆ. ಇದು ಎಲ್ಲ ಕಡೆ ನಡೆಯುವ ಪದ್ಧತಿಯೇ ಅಲ್ವಾ. ಆಮೇಲೆ "ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ" ಅಂದ. ಸ್ಟಾಕ್ ಇದೆ ಅಂದವನಿಗೆ ಕಸ್ಟಮ್ಸ್ ಎಲ್ಲಿಂದ ಬಂತು? ಕೇಳಿದೆ. "ಗಾಗಲ್ಸ್ ಮಾತ್ರ ಬ್ರೋ, ಬೇರೆ ಎಲ್ಲ ಇದೆ." ಫೋನ್ ಮಾಡಿದರೆ ಎತ್ತುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಥಂಬ್ಸ್ ಅಪ್ ಬರುತ್ತದೆ.

ಕೊನೆಗೂ ಡಬ್ಬ ಬಂತು. ತೆರೆದೆ. ಗಾಗಲ್ಸ್ ಇಲ್ಲ. ವಿಟಿಎಕ್ಸ್ ಇಲ್ಲ. ಒಂದು ಇಎಸ್‌ಪಿ32 ಕ್ಯಾಮ್ ಬೋರ್ಡ್, ಮೊಬೈಲ್ ಸಿಕ್ಕಿಸುವ ಪ್ಲಾಸ್ಟಿಕ್ ವಿಆರ್ ಡಬ್ಬ. ಅಷ್ಟೇ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಬೋರ್ಡ್ ಅದು, ಕಾಲೇಜು ಹುಡುಗರು ಪ್ರಾಜೆಕ್ಟಿಗೆ ತಗೊಳ್ಳುತ್ತಾರೆ. ಬಾಗಿಲ ಹೊರಗೆ ಯಾರು ಬಂದರು ಅಂತ ನೋಡಲು ಅದು ಒಳ್ಳೆಯದೇ. ಕಾರು ಓಡಿಸಲು ಅಲ್ಲ. ವೈಫೈನಲ್ಲಿ ಒಂದೊಂದೇ ಫೋಟೋ ಕಳಿಸುತ್ತದೆ, ಫೋನು ಅದನ್ನು ಸಾಲಾಗಿ ತೋರಿಸುತ್ತದೆ.

ಎಷ್ಟು ತಡ ಅಂತ ಅಳೆದೆ. ಒಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಕ್ಯಾಮೆರಾವನ್ನು ಅದರ ಮುಂದೆ ಇಟ್ಟು, ಚಿತ್ರ ಬರುವ ಫೋನನ್ನು ಪಕ್ಕದಲ್ಲಿಟ್ಟು, ಎರಡೂ ಕಾಣುವಂತೆ ಮೂರನೇ ಫೋನಿನಲ್ಲಿ ಫೋಟೋ ತೆಗೆದೆ. ಎರಡು ಸಮಯದ ನಡುವೆ ಸುಮಾರು ಅರ್ಧ ಸೆಕೆಂಡ್ ವ್ಯತ್ಯಾಸ. ಕಾರು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿದ್ದರೆ ಅರ್ಧ ಸೆಕೆಂಡಿನಲ್ಲಿ 4 ಮೀಟರ್ ಮುಂದೆ ಹೋಗಿರುತ್ತದೆ. ಕಲ್ಲು ಕಣ್ಣಿಗೆ ಕಾಣುವ ಹೊತ್ತಿಗೆ ಕಾರು ಕಲ್ಲಿಗೆ ಬಡಿದಾಗಿರುತ್ತದೆ. ಒಳ್ಳೆಯ ಅನಲಾಗ್ ಸೆಟ್‌ನಲ್ಲಿ ಈ ತಡ 40 ಮಿಲಿಸೆಕೆಂಡ್ ಆಸುಪಾಸು, ಅಂದರೆ ಅದೇ ವೇಗದಲ್ಲಿ ಒಂದು ಅಡಿ. ಎಫ್‌ಪಿವಿ ಅಂದರೆ ಈ ವ್ಯತ್ಯಾಸವೇ. ಇದಿಲ್ಲದಿದ್ದರೆ ಉಳಿದದ್ದೆಲ್ಲ ಸುಮ್ನೆ.

ಫೋಟೋ ಸಮೇತ ಅವನಿಗೆ ಕಳಿಸಿದೆ. ಬಂದ ಉತ್ತರ ಹಾಗೇ ಬರೆಯುತ್ತೇನೆ: "ಇದೂ ವೈರ್‌ಲೆಸ್ಸೇ ಅಲ್ವಾ ಬ್ರೋ."

5.8 ಅಂತ ನೀವೇ ಬರೆದು ಕೊಟ್ಟಿದ್ದೀರಲ್ಲ ಅಂದೆ. "ವೈಫೈ 5 ಅಂದ್ರೂ ಅದೇ, 5.8 ಅಂದ್ರೂ ಅದೇ." ಆ ಬೋರ್ಡ್ ಇರುವುದು 2.4 ಗಿಗಾಹರ್ಟ್ಸ್‌ನಲ್ಲಿ. 5ಕ್ಕೆ ಅದು ಹೋಗುವುದೇ ಇಲ್ಲ. ನನ್ನ ರಿಮೋಟ್ ಕೂಡ 2.4ರಲ್ಲೇ ಇದೆ. ಎರಡೂ ಒಂದೇ ಬ್ಯಾಂಡಿನಲ್ಲಿ ಕೂತರೆ ಗದ್ದಲ. ಇದನ್ನು ಬರೆದಾಗ "ನೀವು ಜಾಸ್ತಿ ಯೂಟ್ಯೂಬ್ ನೋಡ್ತೀರಿ ಅನ್ಸುತ್ತೆ" ಅಂದ. ಸಾಮಾನು ತಪ್ಪು ಕಳಿಸಿದವನು ನನಗೆ ಹೇಳುವ ಮಾತಾ ಇದು?

ಪೊಲೀಸ್ ಅನ್ನುವ ಪದ ಬಂದ ಮೇಲೆ ದನಿ ಬದಲಾಯಿತು. ಬ್ರೋ ಹೋಗಿ ಸರ್ ಬಂತು. "ಸರ್ ಪ್ಯಾಕಿಂಗ್ ಹುಡುಗ ಬದಲಾಯಿಸಿಬಿಟ್ಟಿದ್ದಾನೆ ಸರ್, ಒರಿಜಿನಲ್ ಕಳಿಸ್ತೀನಿ." ಕೊರಿಯರ್ ಖರ್ಚು ನನ್ನ ಮೇಲೆ ಹಾಕಿದ. ಕಿಟ್ ಕೈಗೆ ಬಂದರೆ ಸಾಕು ಅಂತ ಕೊಟ್ಟೆ.

ಎರಡನೇ ಡಬ್ಬದಲ್ಲಿ ನಿಜವಾದ ವಿಟಿಎಕ್ಸ್ ಇತ್ತು. ಕ್ಯಾಮೆರಾ ಇತ್ತು, ಡಬ್ಬದಂಥ ಗಾಗಲ್ಸ್ ಇತ್ತು. ಸರ್ವೋ ಪ್ಲಾಸ್ಟಿಕ್ ಗೇರ್‌ದು, ಮೊದಲ ಕುಲುಕಿಗೇ ಹಲ್ಲು ಹೋಯಿತು. ಬ್ಯಾಟರಿ ಮೇಲೆ 5200 ಅಂತ ದೊಡ್ಡದಾಗಿ ಬರೆದಿದೆ, ಅಡುಗೆ ಮನೆಯ ತಕ್ಕಡಿಯಲ್ಲಿಟ್ಟರೆ 130 ಗ್ರಾಂ. ನಿಜವಾದ 2ಎಸ್ 5200 ಲಿಪೋ ಅದರ ಎರಡರಷ್ಟು ತೂಗುತ್ತದೆ. ಚೀಟಿಯಲ್ಲಿ "ರೇಸ್‌ಬ್ಯಾಂಡ್ 8ರಲ್ಲಿ ಓಡಿಸಿ, ಕ್ಲಿಯರ್ ಬರುತ್ತೆ" ಅಂತ ಬೇರೆ. ರೇಸ್‌ಬ್ಯಾಂಡ್ ಅಂದರೆ ವಿಟಿಎಕ್ಸ್ ಚಾನೆಲ್‌ಗಳ ಒಂದು ಗುಂಪು, ಅದರ 8ನೇ ಚಾನೆಲ್ 5917 ಮೆಗಾಹರ್ಟ್ಸ್. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವ ಬ್ಯಾಂಡ್ 5875ಕ್ಕೆ ಮುಗಿಯುತ್ತದೆ. ನಾನು ಚಾನೆಲ್ ಬದಲಾಯಿಸಿ 5806ಕ್ಕೆ ಇಟ್ಟೆ. ಇದನ್ನೆಲ್ಲ ನುಂಗಿಕೊಂಡೆ. ಯಾಕಂದರೆ ಚಿತ್ರ ಬರುತ್ತಿತ್ತು. ಆಂಟೆನಾ ತಿರುಗಿಸಿ ಬಿಗಿ ಮಾಡಿ, ಮೇಜಿನ ಮೇಲೆ ಹಾಕಿ ನೋಡಿದೆ. ಚೆನ್ನಾಗಿ ಬಂತು.

ಭಾನುವಾರ ಬೆಳಿಗ್ಗೆ ನಮ್ಮೂರ ಹೈಸ್ಕೂಲ್ ಮೈದಾನಕ್ಕೆ ಒಯ್ದೆ. ಕಾರು ಕಂಡರೆ ಜನ ಸೇರುತ್ತಾರೆ. ವಾಕಿಂಗ್ ಬಂದವರು, ಕ್ರಿಕೆಟ್ ಹುಡುಗರು. ಗಾಗಲ್ಸ್ ಹಾಕಿಕೊಂಡು ಕಾರಿನ ಒಳಗೆ ಕೂತ ಹಾಗೆ ಓಡಿಸಬಹುದು ಅಂತ ಎಲ್ಲರಿಗೂ ವಿವರಿಸಿದೆ. ಅಕ್ಕನ ಮಗ ಎಷ್ಟೋ ದಿನದಿಂದ ಕಾಯುತ್ತಿದ್ದ, ಅವನಿಗೇ ಮೊದಲು ಗಾಗಲ್ಸ್ ಕೊಟ್ಟೆ. ಕಾರು ಹತ್ತು ಹೆಜ್ಜೆ ದೂರ ಹೋಗಿಲ್ಲ, "ಮಾಮ, ಏನೂ ಕಾಣ್ತಿಲ್ಲ" ಅಂದ. ಬರೀ ಚುಕ್ಕೆ. ಹತ್ತಿರ ತಂದರೆ ಬರುತ್ತದೆ, ದೂರ ಹೋದರೆ ಹೋಗುತ್ತದೆ. ಮತ್ತೆ ಹತ್ತಿರ, ಮತ್ತೆ ದೂರ. ಆಮೇಲೆ ಹತ್ತಿರದಲ್ಲೂ ಇಲ್ಲ. ಬಾಡಿ ಬಿಚ್ಚಿ ವಿಟಿಎಕ್ಸ್ ಮುಟ್ಟಿದರೆ ಬೆರಳು ಸುಟ್ಟಿತು, ಸುಟ್ಟ ವಾಸನೆ. ಒಬ್ಬರು ಹಿರಿಯರು "ಎಷ್ಟು ಕೊಟ್ಟಿರಿ ಇದಕ್ಕೆ" ಅಂತ ಕೇಳಿದರು. ಸುಳ್ಳು ಬೆಲೆ ಹೇಳಿದೆ. ನಿಜ ಹೇಳಲು ಬಾಯಿ ಬರಲಿಲ್ಲ. ಹುಡುಗ ಗಾಗಲ್ಸ್ ತೆಗೆದು ನನ್ನ ಕೈಗೆ ಕೊಟ್ಟು ಸುಮ್ಮನೆ ನಿಂತ. ಆ ಹೊತ್ತಿನ ಅವಮಾನ ಈಗಲೂ ಹೊಟ್ಟೆಯಲ್ಲಿದೆ.

ಮೊಬೈಲ್ ರಿಪೇರಿ ಮಾಡುವ ಗೆಳೆಯನ ಅಂಗಡಿಗೆ ಹೋದೆ. ಅವನು ಲೆನ್ಸ್ ಹಾಕಿ ಒಂದು ನಿಮಿಷ ನೋಡಿದ, ಆಂಟೆನಾ ಬಿಚ್ಚಿ ನನ್ನ ಮುಂದೆ ಹಿಡಿದ. "ಇಲ್ಲಿ ಪಿನ್ ಎಲ್ಲಿದೆ ಹೇಳು." ವಿಟಿಎಕ್ಸ್ ಕಡೆ ನಡುವೆ ತೂತು. ಆಂಟೆನಾ ಕಡೆಯೂ ತೂತು. ಒಂದು ಕಡೆ ಪಿನ್ ಇರಬೇಕಲ್ಲ, ಎರಡು ಕಡೆಯೂ ಇಲ್ಲ. ಎಸ್‌ಎಂಎ ಅಂತ ಒಂದು ಬಗೆಯ ಕನೆಕ್ಟರ್, ಆರ್‌ಪಿ ಎಸ್‌ಎಂಎ ಅಂತ ಇನ್ನೊಂದು. ಹೊರಗಿನ ಥ್ರೆಡ್ ಎರಡಕ್ಕೂ ಒಂದೇ, ಒಳಗಿನ ಪಿನ್ನು ತೂತು ಅದಲು ಬದಲು. ಎಸ್‌ಎಂಎ ವಿಟಿಎಕ್ಸ್‌ಗೆ ಆರ್‌ಪಿ ಆಂಟೆನಾ ಕೊಟ್ಟರೆ ನೀಟಾಗಿ ತಿರುಗಿ ಬಿಗಿಯಾಗಿ ಕೂರುತ್ತದೆ. ಒಳಗೆ ಮಾತ್ರ ಏನೂ ತಾಗುವುದಿಲ್ಲ. ಮೇಜಿನ ಮೇಲೆ ಒಂದು ಮೀಟರ್ ದೂರಕ್ಕೆ ಸೋರುವ ಸಿಗ್ನಲ್ಲೇ ಸಾಕು, ಚಿತ್ರ ಬರುತ್ತದೆ. ಮೈದಾನದಲ್ಲಿ ಬರುವುದಿಲ್ಲ. ಹೊರಗೆ ಹೋಗಬೇಕಾದ ಪವರ್ ವಾಪಸ್ ಬಂದು ವಿಟಿಎಕ್ಸ್ ಅನ್ನೇ ಸುಡುತ್ತದೆ. ಇವನು ಬೇರೆಯಾಗಿ ಕಳಿಸಿದ್ದ "ಟೆಸ್ಟ್ ಮಾಡಿದ" ವಿಡಿಯೋ ಕೂಡ ಮೇಜಿನ ಮೇಲೆಯೇ ತೆಗೆದದ್ದು!

ಇದನ್ನು ಕೇಳಿದ್ದಕ್ಕೆ ಬಂದ ಉತ್ತರ: "ಆಂಟೆನಾ ಟೈಟ್ ಆಯ್ತಲ್ವಾ? ಟೈಟ್ ಆದ್ರೆ ಸರಿಯಾದ್ದೇ."

ಎರಡು ಕಡೆಯ ತೂತಿನ ಫೋಟೋ ಕಳಿಸಿದೆ. "ಪಿನ್ ನೀವೇ ಮುರಿದಿರ್ತೀರಿ." ಪ್ಯಾಕ್ ಮಾಡುವ ಮೊದಲು ಅವನೇ ಕಳಿಸಿದ್ದ ಫೋಟೋ ದೊಡ್ಡದು ಮಾಡಿ, ಅಲ್ಲೂ ಆ ಆಂಟೆನಾಗೆ ಪಿನ್ ಇಲ್ಲ ಅಂತ ಗುರುತು ಹಾಕಿ ಕಳಿಸಿದೆ. ಬಹಳ ಹೊತ್ತು ಉತ್ತರ ಇಲ್ಲ. ಆಮೇಲೆ, "ಆಂಟೆನಾ ಇಲ್ಲದೆ ಆನ್ ಮಾಡಿದ್ದೀರಿ, ಅದಕ್ಕೆ ವಾರಂಟಿ ಬರಲ್ಲ." ಹೌದಲ್ಲ! ಆಂಟೆನಾ ಇಲ್ಲದ ಹಾಗೇ ಆನ್ ಆಗಿತ್ತು, ಹಾಗೆ ಆಗುವಂತೆ ಕೊಟ್ಟವನು ಇವನೇ. ಅವನ ತಪ್ಪನ್ನೇ ನನ್ನ ತಪ್ಪು ಅಂತ ನನಗೇ ಹೇಳುತ್ತಾನೆ. ಇದನ್ನು ಎಷ್ಟು ಸಲ ಓದಿದರೂ ನನಗೆ ರಕ್ತ ಕುದಿಯುತ್ತದೆ. ಕೊನೆಯ ಮೆಸೇಜು: "ಹವ್ಯಾಸ ಅಂದ್ಮೇಲೆ ಒಂದೆರಡು ಸುಡುತ್ತೆ ಸರ್, ಕಲೀರಿ." ಆಮೇಲೆ ಬ್ಲಾಕ್.

ಹೌದು, ಈ ಹವ್ಯಾಸದಲ್ಲಿ ಸಾಮಾನು ಸುಡುತ್ತದೆ. ನಾನು ಸುಟ್ಟ ಇಎಸ್‌ಸಿ ನನ್ನದು, ಅದಕ್ಕೆ ಯಾರನ್ನೂ ಕೇಳಿಲ್ಲ. ಇದು ಬೇರೆ. ಇದು ದುಡ್ಡು ತಗೊಂಡು ತಾಗದ ಆಂಟೆನಾ ಕೊಡುವುದು.

1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಮುಂದಿನದು ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಲ್ಲಿ ನಾವಿರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಇದು ನನಗೂ ಗೊತ್ತಿರಲಿಲ್ಲ. "ಬೆಂಗಳೂರಿಗೆ ಬಂದು ಕೇಸ್ ಹಾಕ್ತೀರಾ" ಅಂತ ಅವನು ಹೆದರಿಸಿದ್ದ. ದಯವಿಟ್ಟು ಅದಕ್ಕೆ ಹೆದರಬೇಡಿ.

ತಗೊಳ್ಳುವವರು ಇಷ್ಟು ಕೇಳಿ. ಗಾಗಲ್ಸ್‌ನಲ್ಲಿ ರೆಕಾರ್ಡ್ ಆದ ವಿಡಿಯೋ ಕೊಡಿ, ಕಾರಿನ ಮೇಲಿನದ್ದು ಬೇಡ ಅನ್ನಿ. ಸ್ಟಾಪ್‌ವಾಚ್ ಫೋಟೋ ಕೇಳಿ. ಆಂಟೆನಾ ಬಿಚ್ಚಿ ಎರಡೂ ಕಡೆಯ ನಡುಭಾಗದ ಫೋಟೋ ಕೇಳಿ, ಒಂದರಲ್ಲಿ ಪಿನ್ ಕಾಣಲೇಬೇಕು. ಬ್ಯಾಟರಿ ತಕ್ಕಡಿಯ ಮೇಲಿಟ್ಟ ಫೋಟೋ ಕೇಳಿ. ನಿಯತ್ತಿನವನಾದರೆ ಹತ್ತು ನಿಮಿಷದ ಕೆಲಸ. ಡಬ್ಬ ತೆರೆಯುವಾಗ ವಿಡಿಯೋ ಮಾಡಿ. ಸಾಧ್ಯವಾದರೆ ಕಿಟ್ ಬೇಡ, ಒಂದೊಂದೇ ಸಾಮಾನು ಬಿಲ್ ಕೊಡುವ ಅಂಗಡಿಯಲ್ಲಿ ತಗೊಳ್ಳಿ, ನೂರು ಇನ್ನೂರು ಜಾಸ್ತಿ ಆದರೂ ಸರಿ.

ನಿನ್ನೆ ಗೆಳೆಯನ ಫೋನಿನಿಂದ ನೋಡಿದೆ. ಅದೇ ಮಣ್ಣಿನ ದಾರಿ, ಅದೇ ಕಾಂಪೌಂಡ್ ಗೋಡೆಯ ವಿಡಿಯೋ ಮತ್ತೆ ಹಾಕಿದ್ದಾನೆ, ಬೆಲೆ ಈಗ ₹18,000. ಈಗಾಗಲೇ ಮುಂಗಡ ಕೊಟ್ಟವರು ಇದ್ದರೆ ಉಳಿದ ದುಡ್ಡು ಹಾಕಬೇಡಿ. ಪೂರ್ತಿ ಕೊಟ್ಟು ಮೋಸ ಹೋದವರು ಇದ್ದರೆ ನನಗೆ ಮೆಸೇಜ್ ಮಾಡಿ, ನನ್ನ ದೂರಿನ ಪ್ರತಿ, ಸ್ಕ್ರೀನ್‌ಶಾಟ್ ಎಲ್ಲ ಕೊಡುತ್ತೇನೆ. ನಾಲ್ಕು ಜನರ ದೂರು ಒಟ್ಟಿಗೆ ಹೋದರೆ ಅವನು ಎಲ್ಲರನ್ನೂ ಬ್ಲಾಕ್ ಮಾಡಿ ಕೂರಲು ಆಗುವುದಿಲ್ಲ.